ನೆಲೆಯ ಅಗಲ: ಮಲೆನಾಡಿನ ಜೀವಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಶಾಲೆ ಮಕ್ಕಳನ್ನು ಕಾಡು ತೋರಿಸಲು ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಮಕ್ಕಳು ಕೇಳುತ್ತಾರೆ. ವಾಪಸು ಬಂದಮೇಲೆ ಜಗಲಿಯಲ್ಲಿ ಕೂತು ಅವರ ಮನೆಯವರು ಕೇಳುತ್ತಾರೆ. ಕೆಲವರು ಕಾಗದವನ್ನೂ ಬರೆಯುತ್ತಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ತಿರುಗಿ ತಿರುಗಿ ಅವೇ. ಅವರ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಮೊದಲು ತಿಳಿಯಬೇಕಾದ್ದು

"ನೆಲೆಯ ಅಗಲ" ಅಂದ್ರೆ ಏನು? ಪ್ರಾಣಿ ಎಷ್ಟು ದೂರ ಓಡಾಡುತ್ತೆ ಅಂತಲಾ?

ಅಲ್ಲ. ಓಡಾಡುವ ಜಾಗದ ಲೆಕ್ಕ ಬೇರೆ. ಒಂದು ಜೀವಿ ಬದುಕಿ, ಮರಿ ಮಾಡಿ, ತಲೆಮಾರು ಮುಂದುವರಿಸಬೇಕಾದರೆ ಕೆಲವು ಅನುಕೂಲ ಬೇಕು. ಎಷ್ಟು ಬಿಸಿ, ಎಷ್ಟು ತೇವ, ಯಾವ ಆಹಾರ, ಎಂಥ ಗೂಡು, ಓಡಾಟ ಹಗಲೋ ರಾತ್ರಿಯೋ. ಇಷ್ಟೂ ಸೇರಿದ್ದನ್ನು ವಿಜ್ಞಾನಿಗಳು 'ನಿಶ್' ಎನ್ನುತ್ತಾರೆ. ನಾನು ಅದನ್ನು ನೆಲೆ ಎಂದು ಕರೆಯುತ್ತೇನೆ. ಈ ಅನುಕೂಲಗಳು ಎಷ್ಟು ಹೆಚ್ಚುಕಡಿಮೆಯಾದರೂ ಜೀವಿ ತಡೆದುಕೊಳ್ಳುತ್ತದೆ ಎಂಬುದೇ ನೆಲೆಯ ಅಗಲ.

ಕಾಗೆಯನ್ನು ನೋಡಿ. ಶಿವಮೊಗ್ಗದ ಬಸ್ ನಿಲ್ದಾಣದಲ್ಲೂ ಇದೆ, ಗದ್ದೆಯಲ್ಲೂ ಇದೆ, ಶ್ರಾದ್ಧದ ದಿನ ನಮ್ಮ ಹಿತ್ತಲಿಗೂ ಬರುತ್ತದೆ. ಅದರ ನೆಲೆ ಅಗಲ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಬೆಳೆಯುವ ಮರ ಹಾಗಲ್ಲ. ಅದಕ್ಕೆ ವರ್ಷವಿಡೀ ನೀರು ಜಿನುಗುವ ಕೆಸರು ನೆಲ, ಮೇಲೆ ದಟ್ಟ ನೆರಳು, ಎರಡೂ ಬೇಕು. ಅದರದ್ದು ಇಕ್ಕಟ್ಟಿನ ನೆಲೆ.

ಈ ಯೋಚನೆ ಹೊಸದೇನಲ್ಲ. ಜೋಸೆಫ್ ಗ್ರಿನೆಲ್ 1917ರಲ್ಲಿ ಕ್ಯಾಲಿಫೋರ್ನಿಯಾದ ಥ್ರಾಷರ್ ಎಂಬ ಹಕ್ಕಿಯ ಬಗ್ಗೆ ಬರೆಯುವಾಗ 'ನಿಶ್' ಎಂಬ ಪದ ಬಳಸಿದರು. ಆ ಹಕ್ಕಿ ಕುರುಚಲು ಪೊದೆ ಬಿಟ್ಟು ಹೊರಬರುವುದೇ ಕಡಿಮೆ. ಚಾರ್ಲ್ಸ್ ಎಲ್ಟನ್ 1927ರಲ್ಲಿ ಇನ್ನೊಂದು ಕಡೆಯಿಂದ ನೋಡಿದರು: ಒಂದು ಜೀವಿ ಯಾರನ್ನು ತಿನ್ನುತ್ತದೆ, ಯಾರ ಬಾಯಿಗೆ ಸಿಗುತ್ತದೆ ಎಂದು.

ಎಲ್ಲಾ ತಿನ್ನೋ ಪ್ರಾಣಿದು ಅಗಲ, ಒಂದೇ ತಿನ್ನೋದ್ರದ್ದು ಇಕ್ಕಟ್ಟು. ಅಷ್ಟೇ ಅಲ್ವಾ?

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಊಟ ಒಂದು ಬದಿ ಮಾತ್ರ. ನೆಲೆಗೆ ಎಷ್ಟೋ ಬದಿಗಳಿವೆ. ಒಂದು ಬದಿ ಅಗಲವಾಗಿದ್ದು ಇನ್ನೊಂದು ಬದಿ ಬಹಳ ಇಕ್ಕಟ್ಟಾಗಿರಬಹುದು.

ಕಾಳಿಂಗ ಸರ್ಪದ ಊಟ ನೋಡಿದರೆ ಇಷ್ಟು ಇಕ್ಕಟ್ಟಿನ ಹಾವು ಇನ್ನೊಂದಿಲ್ಲ ಅನಿಸುತ್ತದೆ. ಅದು ತಿನ್ನುವುದು ಹೆಚ್ಚಾಗಿ ಬೇರೆ ಹಾವುಗಳನ್ನೇ: ಕೇರೆ, ನಾಗರ, ಗುಳಿಮಂಡಲ. ಆದರೆ ಜಾಗದ ವಿಷಯದಲ್ಲಿ ಅಷ್ಟು ಹಟ ಇಲ್ಲ. ಆಗುಂಬೆಯ ದಟ್ಟ ಕಾಡಿನಲ್ಲೂ ಇದೆ, ಅಡಿಕೆ ತೋಟದಲ್ಲೂ ಇದೆ, ಕೇರೆಯ ಬೆನ್ನು ಹತ್ತಿ ಮನೆಯ ಕೊಟ್ಟಿಗೆಗೂ ಬರುತ್ತದೆ.

ದೊಡ್ಡ ಮಂಗಟ್ಟೆ ಹಕ್ಕಿ ಇದಕ್ಕೆ ತಿರುಗಾಮುರುಗಾ. ಅತ್ತಿ, ಆಲ, ಬೇರೆ ಕಾಡುಹಣ್ಣು, ಹಲ್ಲಿ, ಹುಳ ಎಲ್ಲವನ್ನೂ ತಿನ್ನುತ್ತದೆ. ಗೂಡಿಗೆ ಮಾತ್ರ ದೊಡ್ಡ ಮರದ ಪೊಟರೆಯೇ ಆಗಬೇಕು. ಮರಕುಟಿಗದ ಹಾಗೆ ತಾನೇ ಕೊರೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ಹೆಣ್ಣು ಪೊಟರೆಯೊಳಗೆ ಕೂತು ಬಾಯಿಯನ್ನು ತನ್ನ ಹಿಕ್ಕೆಯಿಂದ ಮುಚ್ಚಿಕೊಳ್ಳುತ್ತದೆ, ಗಂಡು ಒಂದು ಸಣ್ಣ ಸೀಳಿನಿಂದ ಹಣ್ಣು ಕೊಡುತ್ತದೆ. ಕಾಡಿನಲ್ಲಿ ಎಷ್ಟೇ ಹಣ್ಣಿರಲಿ, ಪೊಟರೆಯ ಹಳೇ ಮರ ಇಲ್ಲದಿದ್ದರೆ ಮರಿ ಇಲ್ಲ.

ಹಾಗಾಗಿ ಯಾವ ಜೀವಿಯನ್ನು ನೋಡಿದರೂ ನಾನು ಮೊದಲು ಕೇಳಿಕೊಳ್ಳುವುದು ಇದೊಂದೇ: ಇದರ ಅತಿ ಇಕ್ಕಟ್ಟಾದ ಬದಿ ಯಾವುದು? ಅದು ಗೊತ್ತಾದರೆ ಆ ಜೀವಿಯ ಅಳಿವು ಉಳಿವಿನ ಅರ್ಧ ಕಥೆ ಗೊತ್ತಾದಂತೆ.

ಮಂಗ ಎಲ್ಲಾ ಊರಲ್ಲೂ ಇದೆ, ತೋಟ ಹಾಳು ಮಾಡುತ್ತೆ. ಸಿಂಗಳೀಕ ಯಾಕೆ ಕಾಣೋದೇ ಇಲ್ಲ?

ನಮ್ಮಲ್ಲಿ ಮೂರು ಜಾತಿ ಇವೆ. ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನೆಲೆಯ ಅಗಲ ಅಂದರೇನು ಎಂದು ಬೇರೆ ಪಾಠವೇ ಬೇಡ.

ಕೆಂಪು ಮುಖದ ಮಂಗ ಹಣ್ಣು, ಎಲೆ, ಹುಳ, ಏಲಕ್ಕಿ, ಬಾಳೆ, ದೇವಸ್ಥಾನದ ಕಾಯಿ ಎಲ್ಲವನ್ನೂ ತಿನ್ನುತ್ತದೆ. ಮರದ ಮೇಲೂ ಸೈ, ನೆಲದ ಮೇಲೂ ಸೈ, ಹಂಚಿನ ಮಾಡಿನ ಮೇಲೂ ಸೈ. ಕಪ್ಪು ಮುಖದ ಮುಸುವನಿಗೆ ಎಲೆ ಅರಗಿಸುವ ಹೊಟ್ಟೆ ಇದೆ. ಹಸುವಿನ ಹೊಟ್ಟೆಯ ಹಾಗೆ ಅದರಲ್ಲೂ ಬೇರೆ ಬೇರೆ ಕೋಣೆಗಳಿವೆ. ಬೇರೆಯವರು ಮೂಸದ ಬಲಿತ ಎಲೆಯೂ ಅದಕ್ಕೆ ಊಟ. ಇವೆರಡೂ ಬಯಲುಸೀಮೆಯವರೆಗೂ ಹಬ್ಬಿವೆ.

ಸಿಂಗಳೀಕ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದು ಊಟದಲ್ಲಿ ಹಟಮಾರಿ ಅಂತ ಬಹಳ ಜನ ತಿಳಿದಿದ್ದಾರೆ, ಅದು ನಿಜವಲ್ಲ. ಹಣ್ಣು, ಬೀಜ, ಹೂವು, ಹುಳ, ಸಣ್ಣ ಹಲ್ಲಿ ಎಲ್ಲಾ ತಿನ್ನುತ್ತದೆ. ಇಕ್ಕಟ್ಟು ಇರುವುದು ಓಡಾಟದ ದಾರಿಯಲ್ಲಿ. ಕೊಂಬೆಗೆ ಕೊಂಬೆ ತಾಗುವ ನಿತ್ಯಹಸಿರು ಕಾಡು ಅದಕ್ಕೆ ಬೇಕು. ನೆಲಕ್ಕೆ ಇಳಿಯುವುದು ಅಪರೂಪ. ಮಧ್ಯೆ ಅಗಲದ ರಸ್ತೆಯೋ ಬಯಲೋ ಬಂದರೆ ಗುಂಪು ಅಲ್ಲೇ ನಿಂತುಬಿಡುತ್ತದೆ. ವರ್ಷದ ಎಲ್ಲಾ ತಿಂಗಳಲ್ಲೂ ಏನಾದರೊಂದು ಹಣ್ಣು ಸಿಗುವ ಕಾಡೇ ಬೇಕು, ಅದೂ ಎಡೆಬಿಡದೆ ಹಬ್ಬಿದ್ದು.

ಶರಾವತಿ ಕಣಿವೆ, ಅಘನಾಶಿನಿ ಕಣಿವೆಯ ಕಾಡುಗಳು ಸಿಂಗಳೀಕದ ಉತ್ತರದ ಕೊನೆಯ ದೊಡ್ಡ ನೆಲೆ. 2019ರಲ್ಲಿ ಶರಾವತಿ ಕಣಿವೆಯನ್ನು ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯ ಮಾಡಿದರು. ಅಲ್ಲಿ ಅವು ಇಷ್ಟಪಡುವ ಉಪ್ಪಾಗೆ ಹಣ್ಣನ್ನು ಊರಿನವರೂ ಕೊಯ್ಯುತ್ತಾರೆ. ಕಾಯಿ ಪೂರ್ತಿ ಬಲಿಯುವ ಮೊದಲೇ ಕೊಯ್ದರೆ ಇಬ್ಬರಿಗೂ ನಷ್ಟ. ಇದನ್ನು ನಾನು ಕಂಡ ಊರಲ್ಲೆಲ್ಲ ಹೇಳುತ್ತೇನೆ.

ಒಂದು ಮಾತು ಸೇರಿಸಬೇಕು. ತಮಿಳುನಾಡಿನ ವಾಲ್ಪಾರೈನಲ್ಲಿ ಚಹಾ ತೋಟಗಳ ಮಧ್ಯೆ ಸಿಕ್ಕಿಹಾಕಿಕೊಂಡ ಸಿಂಗಳೀಕಗಳು ನೆಲದಲ್ಲಿ ಓಡಾಡಲು, ಮನೆಗಳಿಗೆ ನುಗ್ಗಲು ಕಲಿತಿವೆ. ಇದನ್ನು ನೋಡಿ "ಹೊಂದಿಕೊಳ್ಳುತ್ತವೆ ಬಿಡಿ" ಎನ್ನುವವರಿದ್ದಾರೆ. ರಸ್ತೆಯಲ್ಲಿ ವಾಹನದಡಿ ಸಾಯುವುದೂ ಆ ಹೊಂದಾಣಿಕೆಯ ಜೊತೆಗೇ ಬಂದಿದೆ.

ಇಕ್ಕಟ್ಟಾಗಿ ಬದುಕೋದು ಅಪಾಯ ಅಂದ್ಮೇಲೆ ಪ್ರಕೃತಿ ಹಾಗೆ ಯಾಕೆ ಮಾಡಿದೆ?

ಯಾಕೆಂದರೆ ಆ ಇಕ್ಕಟ್ಟಿನಲ್ಲಿ ಪೈಪೋಟಿ ಇಲ್ಲ. ಜಡ್ಡಿಯ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರೆ ಮರ ಅಲ್ಲಿ ಕೊಳೆಯುತ್ತವೆ. ರಾಮಪತ್ರೆಯ ಬಳಗದ ಮರಗಳು ಬೇರನ್ನು ಮಂಡಿಯ ಹಾಗೆ ಮಡಚಿ ಕೆಸರಿನಿಂದ ಮೇಲೆತ್ತಿ ಉಸಿರಾಡುತ್ತವೆ. ಆ ಒಂದು ಉಪಾಯ ಗೊತ್ತಿದ್ದರೆ ಇಡೀ ಜಡ್ಡಿ ಅವುಗಳದೇ. ಸಾವಿರಾರು ವರ್ಷ ನೀರು ಹಾಗೇ ಜಿನುಗುತ್ತಿದ್ದರೆ ಇದರಷ್ಟು ಭದ್ರವಾದ ಬದುಕು ಬೇರೆ ಇಲ್ಲ. ಆಸ್ಟ್ರೇಲಿಯಾದ ಕೋಆಲಾ ನೀಲಗಿರಿ ಮರದ ಎಲೆ ತಿಂದು ಬದುಕುವುದೂ ಇದೇ ರೀತಿ. ಆ ಎಲೆಯ ವಿಷ ತಡೆಯುವ ಪ್ರಾಣಿಗಳು ಕಡಿಮೆ, ಹಾಗಾಗಿ ತಟ್ಟೆಗೆ ಕೈ ಹಾಕುವವರೂ ಕಡಿಮೆ.

ಆ ನೀರಿನ ದಾರಿ ಒಮ್ಮೆಲೇ ತಿರುಗಿದಾಗ ಕಷ್ಟ ಶುರುವಾಗುತ್ತದೆ. ನಮ್ಮ ಎಷ್ಟೋ ತೋಟ, ಗದ್ದೆ ಇಂಥ ಜಡ್ಡಿ ಇದ್ದ ಕಣಿವೆಗಳಲ್ಲೇ ಎದ್ದವು. ಅಜ್ಜಂದಿರಿಗೆ ಗೊತ್ತಿರಲಿಲ್ಲ, ಬೈಯುವುದು ಬೇಡ. ನಮಗೆ ಗೊತ್ತಿದೆ.

ಮಕ್ಕಳಿಗೆ ತೋರಿಸೋಕೆ ಮನೆ ಹತ್ತಿರ ಸುಲಭದ ಉದಾಹರಣೆ ಹೇಳಿ.

ಕರಿಬೇವಿನ ಗಿಡ. ಹಕ್ಕಿ ಹಿಕ್ಕೆಯಂತೆ ಕಾಣುವ ಸಣ್ಣ ಹುಳ ಅದರ ಎಲೆ ಮೇಲೆ ಸಿಗುತ್ತದೆ. ಅದೇ ಹುಳ ನಿಂಬೆ ಗಿಡದಲ್ಲೂ ಸಿಗುತ್ತದೆ. ಪಕ್ಕದ ದಾಸವಾಳದಲ್ಲಿ ಹುಡುಕಿ, ಸಿಗುವುದಿಲ್ಲ. ಹುಳ ಆಗಿದ್ದಾಗ ಅದಕ್ಕೆ ನಿಂಬೆ ಬಳಗದ ಎಲೆಯೇ ಬೇಕು. ಚಿಟ್ಟೆಯಾಗಿ ಹಾರಿದ ಮೇಲೆ ಯಾವ ಹೂವಾದರೂ ಆದೀತು, ದಾಸವಾಳವೂ ಸೇರಿ.

ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇನ್ನೂ ಹಟದ್ದು. ಹಳದಿ ಕಪ್ಪು ರೆಕ್ಕೆಯ ಆ ದೊಡ್ಡ ಚಿಟ್ಟೆ ಹೂವಿನಿಂದ ಹೂವಿಗೆ ಎಲ್ಲೆಂದರಲ್ಲಿ ಹೋಗುತ್ತದೆ. ಮೊಟ್ಟೆ ಇಡಲು ಮಾತ್ರ ಈಶ್ವರಿ ಬಳ್ಳಿಯ ಬಳಗವೇ ಬೇಕು. ಬೇಲಿ ಸವರುವಾಗ ಆ ಬಳ್ಳಿಯನ್ನು ಕಳೆ ಎಂದು ಕಿತ್ತರೆ, ಹೂದೋಟ ಎಷ್ಟು ಚಂದ ಇದ್ದರೂ ಚಿಟ್ಟೆ ಇರುವುದಿಲ್ಲ.

## ಕಾಡು, ತೋಟ, ಕೊಟ್ಟಿಗೆ

ಅಪ್ಪೆಮಿಡಿ ಹೊಳೆ ದಂಡೇಲೇ ಬೆಳೆಯೋದು ಅಂತೀರಿ. ಕಸಿ ಕಟ್ಟಿದ್ರೆ ನಮ್ಮ ಹಿತ್ತಲಲ್ಲೂ ಬರುತ್ತಲ್ಲ?

ಬರುತ್ತದೆ. ನೀವು ಕೇಳಿದ್ದು ಈ ವಿಷಯದ ಅತಿ ಮುಖ್ಯ ಪ್ರಶ್ನೆಗಳಲ್ಲೊಂದು.

1957ರಲ್ಲಿ ಜಿ. ಎವಲಿನ್ ಹಚಿನ್ಸನ್ ನೆಲೆಯನ್ನು ಎರಡಾಗಿ ನೋಡಿದರು. ತಡೆಯುವವರು ಯಾರೂ ಇಲ್ಲದಿದ್ದರೆ ಒಂದು ಜೀವಿ ಎಲ್ಲೆಲ್ಲಿ ಬದುಕಬಲ್ಲದು, ಅದು ಒಂದು. ಪೈಪೋಟಿ, ಶತ್ರು, ರೋಗ ಎಲ್ಲ ಇರುವಾಗ ನಿಜವಾಗಿ ಎಲ್ಲಿ ಬದುಕುತ್ತಿದೆ, ಅದು ಇನ್ನೊಂದು. ಬದುಕಬಲ್ಲ ನೆಲೆ, ಬದುಕುತ್ತಿರುವ ನೆಲೆ ಎನ್ನೋಣ. ಎರಡನೆಯದು ಸಾಮಾನ್ಯವಾಗಿ ಚಿಕ್ಕದು.

ಅಪ್ಪೆ ಮರ ತಾನಾಗಿ ಬೆಳೆಯುವುದು ಹೊಳೆ ಹಳ್ಳದ ದಂಡೆಯಲ್ಲಿ. ಹಿತ್ತಲಿನಲ್ಲಿ ನೀವು ಕಸಿ ಗಿಡ ನೆಟ್ಟಾಗ ಸುತ್ತ ಕಳೆ ತೆಗೆಯುತ್ತೀರಿ, ಬೇಸಗೆಯಲ್ಲಿ ನೀರು ಹಾಕುತ್ತೀರಿ, ದನ ಬಾಯಿ ಹಾಕದಂತೆ ಬೇಲಿ ಕಟ್ಟುತ್ತೀರಿ. ಅಂದರೆ ಪೈಪೋಟಿ, ಶತ್ರು ಎರಡನ್ನೂ ನೀವೇ ದೂರ ಇಟ್ಟಿರಿ. ಆಗ ಬದುಕಬಲ್ಲ ನೆಲೆ ಎಷ್ಟು ಅಗಲ ಎಂದು ಕಂಡಿತು. ನಮ್ಮ ಕೃಷಿ ಎಲ್ಲಾ ಒಂದು ರೀತಿಯಲ್ಲಿ ಇದೇ ಕೆಲಸ.

ಇದನ್ನು ಪ್ರಯೋಗದಿಂದ ತೋರಿಸಿದವರು ಜೋಸೆಫ್ ಕಾನೆಲ್. 1961ರಲ್ಲಿ ಪ್ರಕಟಿಸಿದರು. ಸ್ಕಾಟ್ಲೆಂಡಿನ ಕಡಲಂಚಿನ ಬಂಡೆಗೆ ಎರಡು ಜಾತಿಯ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಅಂಟಿಕೊಂಡಿರುತ್ತವೆ. ಒಂದು ಮೇಲ್ಗಡೆ, ಒಂದು ಕೆಳಗಡೆ. ಕೆಳಗಿನದನ್ನು ಅವರು ಕಿತ್ತು ತೆಗೆದರು. ಮೇಲಿನದು ಆರಾಮಾಗಿ ಕೆಳಗೂ ಬೆಳೆಯಿತು. ಅದನ್ನು ಅಲ್ಲಿಯವರೆಗೆ ಮೇಲೆ ನಿಲ್ಲಿಸಿದ್ದು ನೆರೆಯವನ ಒತ್ತಡ. ಕೆಳಗಿನ ಜಾತಿ ಮೇಲೆ ಹೋಗದಿರಲು ಕಾರಣ ಬೇರೆ: ಬಿಸಿಲಿಗೆ ಒಣಗಿ ಸಾಯುತ್ತದೆ.

ಉಣುಗು ದನದ ಮೇಲೂ ಇರುತ್ತೆ, ಮಂಗನ ಮೇಲೂ ಇರುತ್ತೆ, ನಮಗೂ ಕಚ್ಚುತ್ತೆ. ಅದಕ್ಕೆ ನೆಲೆ ಅನ್ನೋದೇ ಇಲ್ವಾ?

ಇದೆ, ಆದರೆ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮಂಗನ ಕಾಯಿಲೆಯ ವೈರಸ್ ಗೊತ್ತಾಯಿತು. ಅದನ್ನು ಮುಖ್ಯವಾಗಿ ಹರಡುವ ಉಣುಗಿನ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ.

ಈ ಉಣುಗು ಮೂರು ಹಂತದಲ್ಲಿ ರಕ್ತ ಕುಡಿಯುತ್ತದೆ. ಮರಿ ಮತ್ತು ನಡು ಹಂತದಲ್ಲಿ ಇಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದರ ಮೇಲೆ ಹತ್ತುತ್ತದೆ. ಬೆಳೆದ ಮೇಲೆ ದನದಂಥ ದೊಡ್ಡ ಪ್ರಾಣಿ ಬೇಕು. ಮಳೆ ಮುಗಿದು ಒಣಗಲು ಶುರುವಾದಾಗಿನಿಂದ ಬೇಸಗೆವರೆಗೆ ನಡು ಹಂತದ ಉಣುಗು ಜಾಸ್ತಿ. ಸೊಪ್ಪು, ದರಗು, ಕಟ್ಟಿಗೆಗೆ ನಾವು ಕಾಡಿಗೆ ಹೋಗುವುದೂ ಆಗಲೇ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಈ ನಡು ಹಂತದ್ದು.

ವೈರಸ್ ಅನ್ನು ಕಾಡಿನಲ್ಲಿ ಉಳಿಸುವುದರಲ್ಲಿ ದನದ ಪಾತ್ರ ದೊಡ್ಡದಲ್ಲ. ಉಣುಗಿನ ಸಂಖ್ಯೆ ಹೆಚ್ಚಿಸುವುದರಲ್ಲಿ ದೊಡ್ಡದು. ದನ ಕಾಡಿನಂಚಿಗೆ ಹೋದಷ್ಟೂ ಬೆಳೆದ ಉಣುಗಿಗೆ ಊಟ, ಊಟ ಇದ್ದಷ್ಟೂ ಮೊಟ್ಟೆ. ಒಂದೇ ಜೀವಿಗೆ ಮೂರು ಬಾಗಿಲು, ಮೂರೂ ನಮ್ಮ ಕಾಡಿನಂಚಿನಲ್ಲಿ ತೆರೆದೇ ಇವೆ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕು ಅನಿಸುವುದಿಲ್ಲ.

ಕೊಳೆರೋಗ ಮಳೆಗಾಲದಲ್ಲೇ ಯಾಕೆ?

ಅದನ್ನು ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಬೀಜಾಣು ನೀರಿನಲ್ಲಿ ಈಜಿ ಹೋಗುವಂಥದ್ದು. ಅಡಿಕೆ ಕಾಯಿಯ ಮೇಲೆ ನೀರಿನ ಪೊರೆ ಇಲ್ಲದಿದ್ದರೆ ಅದು ಅಸಹಾಯಕ. ಅದರ ಇಕ್ಕಟ್ಟಾದ ಬದಿ ತೇವ. ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದು ಈ ಬದಿಗೇ ಹೊಡೆತ, ಮಳೆನೀರನ್ನೇ ತಡೆಯುತ್ತದೆ. ಬೋರ್ಡೋ ದ್ರಾವಣ ಮೊಳೆಯುವ ಬೀಜಾಣುವನ್ನೇ ಕೊಲ್ಲುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲೇ ಹೊಡೆಯಬೇಕು.

ಒಂದು ಕಪ್ಪೆ ಹೋದ್ರೆ ಇನ್ನೊಂದು ಕಪ್ಪೆ ಬರುತ್ತೆ. ಏನು ನಷ್ಟ ಸರ್?

ಈ ಪ್ರಶ್ನೆ ಕೇಳಿದವರನ್ನು ನಾನು ಮಳೆಗಾಲದ ರಾತ್ರಿ ತೊರೆಗೆ ಕರೆದುಕೊಂಡು ಹೋಗುತ್ತೇನೆ. ಮಲೆನಾಡಿನಲ್ಲಿ ಕುಂಬಾರ ಕಪ್ಪೆ ಎಂಬುದಿದೆ. ವಿಜ್ಞಾನ ಅದಕ್ಕೆ ಹೆಸರಿಟ್ಟಿದ್ದು 2014ರಲ್ಲಿ, ಆ ಹೆಸರಿನಲ್ಲೂ 'ಕುಂಬಾರ' ಎಂಬ ನಮ್ಮ ಪದವೇ ಇದೆ. ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿದ ಮೇಲೆ ಗಂಡು ಕಪ್ಪೆ ತೊರೆಯ ತಳದಿಂದ ಮಣ್ಣು ತಂದು ಕೈಯಿಂದ ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೆ ಕಾಡಿನ ನೆರಳಲ್ಲಿ ಹರಿಯುವ ತೊರೆ, ನುಣುಪು ಮಣ್ಣು, ಸರಿಯಾದ ಆಳದ ನೀರು ಬೇಕು.

ಅಂಗಳಕ್ಕೆ ಬರುವ ಗುಡ್ಡೆಗುಡ್ಡೆ ಚರ್ಮದ ನೆಲಗಪ್ಪೆಗೆ ಇದಾವುದೂ ಬೇಡ. ಗುಂಡಿ, ಚರಂಡಿ, ಕೆರೆ ಎಲ್ಲಿಯಾದರೂ ಸರಿ. ಅದು ಮಡಗಾಸ್ಕರ್ ದ್ವೀಪಕ್ಕೂ ಸೇರಿಕೊಂಡು ಅಲ್ಲಿ ದೊಡ್ಡ ತಲೆನೋವಾಗಿದೆ. ತೊರೆ ಹಾಳಾದರೆ ಕುಂಬಾರ ಹೋಗಿ ನೆಲಗಪ್ಪೆ ಬರುತ್ತದೆ, ನಿಜ. ಎಣಿಸಿದರೆ ಕಪ್ಪೆ ಅಷ್ಟೇ ಇರಬಹುದು. ಆದರೆ ಸಾಗರದ ತೊರೆ, ಶಿವಮೊಗ್ಗದ ಚರಂಡಿ, ಇನ್ಯಾವುದೋ ದೇಶದ ಗುಂಡಿ ಎಲ್ಲಾ ಕಡೆ ಒಂದೇ ಕಪ್ಪೆ ಕೂಗುತ್ತದೆ. ಮಣ್ಣು ಮೆತ್ತುವ ಆ ಕೈ ಪ್ರಪಂಚದಲ್ಲೇ ಇರುವುದಿಲ್ಲ.

ಲಂಟಾನ, ಯುಪಟೋರಿಯಂ ಯಾಕೆ ಹೀಗೆ ಹಬ್ಬುತ್ತೆ?

ಎರಡೂ ಅಮೆರಿಕ ಖಂಡದಿಂದ ಬಂದವು. ಲಂಟಾನವನ್ನು 1800ರ ದಶಕದಲ್ಲಿ ಅಂದಕ್ಕೆಂದು ಕೋಲ್ಕತ್ತಕ್ಕೆ ತಂದರು. ಮಣ್ಣು, ಮಳೆ, ಬೆಂಕಿ ಯಾವುದಕ್ಕೂ ಇವು ಸುಲಭವಾಗಿ ಸೋಲುವುದಿಲ್ಲ. ಲಂಟಾನದ ಬೀಜ ಹಕ್ಕಿ ಒಯ್ಯುತ್ತದೆ, ಯುಪಟೋರಿಯಂನದು ಗಾಳಿ ಒಯ್ಯುತ್ತದೆ. ಆದರೂ ಇವಕ್ಕೊಂದು ಇಕ್ಕಟ್ಟಿದೆ: ದಟ್ಟ ನೆರಳಿನಲ್ಲಿ ಸೊರಗುತ್ತವೆ. ಮರ ಕಡಿದ ಕಡೆ, ರಸ್ತೆ ಬದಿ, ಬೋಳಾದ ಸೊಪ್ಪಿನ ಬೆಟ್ಟದಲ್ಲಿ ಇವು ನುಗ್ಗುತ್ತವೆ. ಕಿತ್ತರೆ ಮಾತ್ರ ಸಾಲದು, ನೆರಳು ಮತ್ತೆ ಬರಬೇಕು.

## ಇನ್ನೂ ಆಳಕ್ಕೆ

ಅಗಲ ಅಂತೀರಲ್ಲ, ಅದನ್ನ ಅಳೆಯೋದು ಹೇಗೆ?

ಬಿಎಸ್ಸಿ ಮಕ್ಕಳು ಕೇಳುವ ಪ್ರಶ್ನೆ ಇದು. 1968ರಲ್ಲಿ ರಿಚರ್ಡ್ ಲೆವಿನ್ಸ್ ಕೊಟ್ಟ ಲೆಕ್ಕ ಸುಲಭ. ಒಂದೊಂದು ಆಹಾರದ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಿ, ಬಂದ ಮೊತ್ತದಿಂದ 1ನ್ನು ಭಾಗಿಸಿ.

ಲೆಕ್ಕಕ್ಕೆಂದು ಎರಡು ಹಕ್ಕಿ ಇಟ್ಟುಕೊಳ್ಳೋಣ. ಒಂದು ಅತ್ತಿ, ನೇರಳೆ, ಬೈನೆ, ಹಲಸು ನಾಲ್ಕನ್ನೂ ಸಮನಾಗಿ ತಿನ್ನುತ್ತದೆ. ಒಂದೊಂದರ ಪಾಲು 0.25, ಗುಣಿಸಿದರೆ 0.0625, ನಾಲ್ಕು ಸೇರಿ 0.25. ಅಗಲ 4. ಇನ್ನೊಂದು ಹಕ್ಕಿ ನಾಲ್ಕನ್ನೂ ತಿನ್ನುತ್ತದೆ, ಆದರೆ ಅತ್ತಿಯೇ 0.85, ಉಳಿದ ಮೂರು 0.05ರಂತೆ. ಮೊತ್ತ 0.73, ಅಗಲ ಸುಮಾರು 1.37. ಪಟ್ಟಿ ಒಂದೇ, ಅಗಲ ಒಂದೇ ಅಲ್ಲ. "ಅದೂ ತಿನ್ನುತ್ತೆ, ಇದೂ ತಿನ್ನುತ್ತೆ" ಎಂದು ಪಟ್ಟಿ ಮಾಡಿದರೆ ಸಾಲದು ಎನ್ನುವುದು ಇದಕ್ಕೇ.

ಇದರಲ್ಲೊಂದು ಹಳ್ಳ ಇದೆ. ಆ ತಿಂಗಳು ಕಾಡಿನಲ್ಲಿ ಅತ್ತಿ ಬಿಟ್ಟು ಬೇರೆ ಹಣ್ಣೇ ಇಲ್ಲದಿದ್ದರೆ? ಹಕ್ಕಿಗೆ ಹಟ ಇಲ್ಲ, ಕಾಡಿನಲ್ಲೇ ಬೇರೆ ಇಲ್ಲ. ಹಾಗಾಗಿ ಏನು ತಿಂದಿತು ಎಂಬುದರ ಜೊತೆಗೆ ಏನು ಸಿಗುತ್ತಿತ್ತು ಎಂಬುದನ್ನೂ ಬರೆದುಕೊಳ್ಳಬೇಕು. ಸ್ಟುವರ್ಟ್ ಹರ್ಲ್ಬರ್ಟ್ 1978ರಲ್ಲಿ ಇದನ್ನು ಲೆಕ್ಕಕ್ಕೆ ಸೇರಿಸಿದರು. ಒಂದೇ ತಿಂಗಳು ನೋಡಿ ವರ್ಷದ ತೀರ್ಪು ಕೊಡುವ ವರದಿಗಳನ್ನು ನಾನು ನಂಬುವುದಿಲ್ಲ.

ಒಂದು ಜಾತಿಯ ಪ್ರಾಣಿಗಳೆಲ್ಲಾ ಒಂದೇ ತರ ಇರ್ತಾವಾ?

ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಕಡಲ ನೀರುನಾಯಿಗಳಲ್ಲಿ ಇದು ಚೆನ್ನಾಗಿ ಕಂಡಿದೆ. ಜಾತಿಯಾಗಿ ನೋಡಿದರೆ ಏಡಿ, ಚಿಪ್ಪು, ಬಸವನಹುಳು ಹೀಗೆ ಎಲ್ಲಾ ತಿನ್ನುತ್ತವೆ. ಒಂದೊಂದನ್ನೇ ಹಿಂಬಾಲಿಸಿದರೆ ಒಂದಕ್ಕೆ ಏಡಿ, ಇನ್ನೊಂದಕ್ಕೆ ಬಸವನಹುಳು. ಅಗಲ ಇರುವುದು ಗುಂಪಿಗೆ, ಒಂದೊಂದು ಪ್ರಾಣಿ ಇಕ್ಕಟ್ಟು. ಅಗಲ ನೆಲೆಯ ಗುಂಪಿನೊಳಗೆ ವ್ಯತ್ಯಾಸ ಜಾಸ್ತಿ ಇರಬಹುದು ಎಂದು ಲೀ ವ್ಯಾನ್ ವೇಲೆನ್ 1965ರಲ್ಲೇ ಹೇಳಿದ್ದರು.

ತೋಟಕ್ಕೆ ಬರುವ ಮಂಗಗಳಲ್ಲೂ ಇದನ್ನು ನೋಡಬಹುದು. ಏಲಕ್ಕಿ ಸುಲಿಯುವುದರಲ್ಲಿ ಪಳಗಿದ್ದು ಒಂದೆರಡೇ ಇರುತ್ತವೆ.

ಕಾಳಿಂಗ ಈಗ ನಾಲ್ಕು ಜಾತಿ ಅಂತಾರೆ. ಅದರ ಅಗಲ ಏನಾಯ್ತು?

ನೂರೆಂಬತ್ತಕ್ಕೂ ಹೆಚ್ಚು ವರ್ಷ ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಇರುವುದೆಲ್ಲಾ ಒಂದೇ ಕಾಳಿಂಗ ಎಂದು ನಂಬಿದ್ದೆವು. 2024ರಲ್ಲಿ ಅದನ್ನು ನಾಲ್ಕು ಜಾತಿಯಾಗಿ ಬೇರ್ಪಡಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಒಫಿಯೊಫಾಗಸ್ ಕಾಳಿಂಗ ಎಂದು ಹೆಸರು. ಆ ಕನ್ನಡ ಪದ ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹಾವು ಬದಲಾಗಲಿಲ್ಲ, ಲೆಕ್ಕ ಬದಲಾಯಿತು. ಅರ್ಧ ಏಷ್ಯಾಕ್ಕೆ ಹಬ್ಬಿದ ಅಗಲದ ಜಾತಿ ಎಂದು ಬರೆದಿದ್ದ ಕಡೆ ಈಗ ಘಟ್ಟಕ್ಕೆ ಸೀಮಿತವಾದ ಜಾತಿ ಎಂದು ಬರೆಯಬೇಕು. "ಬೇರೆ ದೇಶದಲ್ಲಿ ಬೇಕಾದಷ್ಟಿದೆ" ಎನ್ನುವ ಸಮಾಧಾನಕ್ಕೆ ಜಾಗವಿಲ್ಲ. ಎಲ್ಲಾ ಕಡೆ ಇದೆ ಎಂದು ನಾವು ತಿಳಿದ ಇನ್ನೆಷ್ಟೋ ಜೀವಿಗಳು ನಿಜವಾಗಿ ಹಲವು ಇಕ್ಕಟ್ಟಿನ ಜಾತಿಗಳ ಗಂಟು ಆಗಿರಬಹುದು.

ಬಿಸಿ ಜಾಸ್ತಿಯಾದ್ರೆ ಯಾವುದಕ್ಕೆ ಮೊದಲು ಕಷ್ಟ?

ಬಿಸಿಯ ಬದಿ ಇಕ್ಕಟ್ಟಾಗಿರುವುದಕ್ಕೆ. 1967ರಲ್ಲಿ ಡೇನಿಯಲ್ ಜಾನ್ಸೆನ್ ಒಂದು ಸೊಗಸಾದ ವಾದ ಮುಂದಿಟ್ಟರು. ಚಳಿದೇಶದ ಜೀವಿ ಒಂದೇ ವರ್ಷದಲ್ಲಿ ಹಿಮವನ್ನೂ ನೋಡುತ್ತದೆ, ಸೆಕೆಯನ್ನೂ ನೋಡುತ್ತದೆ. ನಮ್ಮಂಥ ಕಡೆ ವರ್ಷವಿಡೀ ಬಿಸಿ ಹೆಚ್ಚು ಏರಿಳಿಯುವುದಿಲ್ಲ, ಹಾಗಾಗಿ ಇಲ್ಲಿನ ಜೀವಿ ಸಣ್ಣ ಅಂತರಕ್ಕೇ ಒಗ್ಗಿರುತ್ತದೆ. ಅದೇ ಎತ್ತರದ ಗುಡ್ಡ ಅದಕ್ಕೆ ದಾಟಲಾರದ ಗೋಡೆ ಆಗಬಹುದು.

ಬುಡದಲ್ಲಿರುವ ಜೀವಿ ತಂಪು ಹುಡುಕಿ ಮೇಲೆ ಹತ್ತಬಹುದು. ಕೊಡಚಾದ್ರಿಯ ಎತ್ತರ 1,343 ಮೀಟರ್. ಅಲ್ಲಿ ತುದಿಯಲ್ಲಿರುವುದಕ್ಕೆ ಅದರ ಮೇಲೆ ಹತ್ತಲು ಗುಡ್ಡವೇ ಇಲ್ಲ.

ನಾನೂ ಬರೆದಿಡಬೇಕು ಅಂತಿದೀನಿ. ಯಾವುದರಿಂದ ಶುರು ಮಾಡ್ಲಿ?

ಪಿಕಳಾರದಿಂದ. ಎಲ್ಲಾ ಮನೆ ಹತ್ತಿರ ಸಿಗುತ್ತದೆ, ಮನುಷ್ಯರಿಗೆ ಹೆಚ್ಚು ಹೆದರುವುದಿಲ್ಲ. ಹಳೇ ನೋಟ್‌ಬುಕ್‌ನಲ್ಲಿ ಐದು ಸಾಲು ಗೆರೆ ಎಳೆಯಿರಿ: ದಿನ, ಜಾಗ, ಏನು ತಿಂತು, ಸುತ್ತ ಇನ್ನೇನು ಹಣ್ಣಿತ್ತು, ಎಲ್ಲಿ ಗೂಡು ಕಟ್ಟಿತು. ಕೊನೆಯ ಸಾಲು ತಿಂಗಳುಗಟ್ಟಲೆ ಖಾಲಿ ಇರುತ್ತದೆ, ಬಿಟ್ಟುಬಿಡಬೇಡಿ. ವರ್ಷ ತುಂಬಿದ ಮೇಲೆ ಮೇಲಿನ ಲೆಕ್ಕ ಹಾಕಿ, ಪುಟದ ನಕಲು ನನಗೂ ಒಂದು ಕಳಿಸಿ.